ಮನೆಯೊಳಗೆ ಕಡಲು ಬಂದ ಕಥೆ

ಕಡಲ ಕರೆಯ ಊರುಗಳಲ್ಲಿ ಬೆಳೆದ ಮಕ್ಕಳೆಲ್ಲ ಒಮ್ಮೆಯಾದರೂ ಮಾಡುವ ಕೆಲಸ ಒಂದಿದೆ. ಬಂಡೆಗಳ ಎಡೆಯ ಹೊಂಡದಲ್ಲಿ ಸಿಕ್ಕಿದ ಪುಟ್ಟ ಮೀನನ್ನೋ ಏಡಿಯನ್ನೋ ಡಬ್ಬಿಯಲ್ಲಿ ಕಡಲ ನೀರು ತುಂಬಿಸಿ ಮನೆಗೆ ತರುತ್ತಾರೆ. ಮೊದಲ ದಿನ ಸಂಭ್ರಮ. ಮರುದಿನ ನೀರು ಮಬ್ಬಾಗುತ್ತದೆ. ಮೂರನೆಯ ದಿನ ನಾತ ತಡೆಯಲಾರದೆ ಅಮ್ಮ ಡಬ್ಬಿಯನ್ನು ತೆಂಗಿನ ಬುಡಕ್ಕೆ ಸುರಿಯುತ್ತಾರೆ. ಬೆಳಗ್ಗಿನಿಂದ ರಾತ್ರಿಯವರೆಗೆ ಕಡಲ ಸದ್ದು ಕೇಳುವ ಮನೆಗಳಲ್ಲಿ ಸ್ಥಿತಿ ಹೀಗಿರುವಾಗ, ಕಡಲಿನಿಂದ ದೂರದ ಬರ್ಲಿನ್ ನಗರದ ಮನೆಯೊಂದರ ಚಾವಡಿಯಲ್ಲಿ, ಗಾಜಿನ ತೊಟ್ಟಿಯೊಳಗೆ ಜೀವಂತ ಹವಳ ವರ್ಷಗಟ್ಟಲೆ ಬೆಳೆಯುತ್ತದೆ ಎಂದರೆ ನಂಬುವುದು ಹೇಗೆ? ನಂಬಲೇಬೇಕು, ಪ್ರಿಯ ಓದುಗರೇ. ಆದರೆ ಆ ವಿದ್ಯೆ ಕೈಗೂಡಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಅದಕ್ಕೆ ಕಡಲೂ ಬೆಲೆ ತೆರಬೇಕಾಯಿತು. ಆ ಎರಡು ಲೆಕ್ಕಗಳನ್ನೂ ನಿಮ್ಮ ಮುಂದೆ ಇಡುವುದು ಈ ಬರಹದ ಉದ್ದೇಶ.

ಸಿಹಿನೀರಿನಲ್ಲಿ ಮೀನು ಸಾಕುವುದು ಬಹಳ ಹಳೆಯ ಹವ್ಯಾಸ. ಚೀನಾ ದೇಶದವರು ಸಾವಿರ ವರ್ಷಗಳ ಹಿಂದೆಯೇ ಚಿನ್ನದ ಬಣ್ಣದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಉಪ್ಪುನೀರಿನ ಮಾತು ಹಾಗಲ್ಲ. ಕಡಲಿನ ಜೀವಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಕ್ರಮವಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಒಬ್ಬ ದರ್ಜಿ ಹೆಂಗಸಿನದು. ಝಾನ್ ವಿಲ್‌ಪ್ರೂ ಎಂಬ ಈಕೆ 1794ರಲ್ಲಿ ಫ್ರಾನ್ಸಿನ ಜುಯಿಯಾಕ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಹದಿನೆಂಟರ ಹರೆಯದಲ್ಲಿ ಹಳ್ಳಿಯಿಂದ ನಡೆದುಕೊಂಡೇ ಪ್ಯಾರಿಸಿಗೆ ಹೋದಳೆಂದು ಅವಳ ಜೀವನ ಬರೆದವರು ಹೇಳುತ್ತಾರೆ. ಅಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿ, 1816ರಲ್ಲಿ ಒಬ್ಬ ರಾಜಕುಮಾರಿಯ ಮದುವೆಯ ಉಡುಪಿಗೆ ಕಸೂತಿ ಹಾಕಿ ಹೆಸರಾದಳು. ಜೇಮ್ಸ್ ಪವರ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಇಟಲಿಯ ತುದಿಯ ಸಿಸಿಲಿ ದ್ವೀಪಕ್ಕೆ, ಮೆಸ್ಸೀನಾ ಎಂಬ ಬಂದರು ಪಟ್ಟಣಕ್ಕೆ ಹೋಗಿ ನೆಲೆಸಿದಳು. ಶಾಲೆ ಕಾಲೇಜಿನ ಓದು ಇಲ್ಲದಿದ್ದರೂ ಕಣ್ಣು ಸೂಕ್ಷ್ಮವಾಗಿತ್ತು, ಕೈ ಪಳಗಿತ್ತು.

ಮೆಸ್ಸೀನಾದ ಕಡಲಿನಲ್ಲಿ ಆರ್ಗೊನಾಟ್ ಎಂಬ ಜೀವಿ ಇದೆ. ಅಷ್ಟಪದಿಯ ಬಳಗದ್ದು. ಇದರ ಹೆಣ್ಣು ಕಾಗದದಷ್ಟು ತೆಳುವಾದ ಬಿಳಿ ಚಿಪ್ಪಿನೊಳಗೆ ಕುಳಿತಿರುತ್ತದೆ. ಆ ಚಿಪ್ಪನ್ನು ತಾನೇ ಕಟ್ಟುತ್ತದೆಯೋ ಅಥವಾ ಸನ್ಯಾಸಿ ಏಡಿಯ ಹಾಗೆ ಬೇರೆ ಯಾವುದೋ ಜೀವಿಯ ಮನೆಯನ್ನು ಹೊಕ್ಕು ಕುಳಿತಿದೆಯೋ ಎಂದು ಪಂಡಿತರು ಬಹುಕಾಲದಿಂದ ವಾದ ಮಾಡುತ್ತಿದ್ದರು. ಸತ್ತ ಜೀವಿಯನ್ನು ಮೇಜಿನ ಮೇಲಿಟ್ಟು ಈ ವಾದ ಮುಗಿಯುವಂತಿರಲಿಲ್ಲ. ಝಾನ್ 1832ರ ಹೊತ್ತಿಗೆ ಗಾಜಿನ ತೊಟ್ಟಿ ಮಾಡಿಸಿದಳು. ಕಡಲಿನಲ್ಲೇ ಇಳಿಸಿ ನಿಲ್ಲಿಸುವ ಪಂಜರಗಳನ್ನೂ ಮಾಡಿಸಿದಳು. ಜೀವಂತ ಆರ್ಗೊನಾಟ್‌ಗಳ ಚಿಪ್ಪನ್ನು ಸ್ವಲ್ಪ ಒಡೆದು ನೀರಿಗೆ ಬಿಟ್ಟು ನೋಡಿದಳು. ಜೀವಿ ತನ್ನ ಎರಡು ಅಗಲವಾದ ತೋಳುಗಳನ್ನು ಒಡೆದ ಜಾಗದ ಮೇಲೆ ಹಾಸಿ, ಹೊಸ ಚಿಪ್ಪನ್ನು ಒಸರಿಸಿ ತೇಪೆ ಹಾಕಿತು. ವಾದ ಮುಗಿಯಿತು. ತೇಪೆ ಎಂದರೇನೆಂದು ಗೊತ್ತಿದ್ದ ದರ್ಜಿಯ ಕಣ್ಣಿಗೇ ಅದು ಬಿದ್ದದ್ದು ನನಗೇನೋ ಸಹಜವಾಗಿಯೇ ಕಾಣುತ್ತದೆ. ಅವಳ ಸಂಗ್ರಹದ ದೊಡ್ಡ ಪಾಲು 1838ರಲ್ಲಿ ಹಡಗು ಮುಳುಗಿ ಕಡಲ ಪಾಲಾಯಿತು. 1871ರಲ್ಲಿ ತೀರಿಕೊಂಡ ಮೇಲೆ ಬಹುಕಾಲ ಅವಳನ್ನು ಜಗತ್ತು ಮರೆತೇ ಬಿಟ್ಟಿತ್ತು. ಈಗ ಶುಕ್ರಗ್ರಹದ ಮೇಲಿನ ಒಂದು ಕುಳಿಗೆ ಅವಳ ಹೆಸರಿದೆ.

ಎರಡನೆಯವಳೂ ಹೆಂಗಸೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಇಗರ್ಜಿಯ ದೊಡ್ಡ ಪಾದ್ರಿಯೊಬ್ಬರ ಹೆಂಡತಿ ಆನಾ ಥಿನ್. 1846ರಲ್ಲಿ ಆಕೆ ಇಂಗ್ಲೆಂಡಿನ ದಕ್ಷಿಣದ ಟಾರ್ಕಿ ಎಂಬ ಕಡಲ ಊರಿಗೆ ಹೋಗಿದ್ದಾಗ ಅಲ್ಲಿನ ಬಂಡೆಗಳಲ್ಲಿ ಬಟ್ಟಲಿನಂಥ ಸಣ್ಣ ಹವಳಗಳನ್ನು ಕಂಡು, ಜೀವಂತ ಲಂಡನ್ನಿಗೆ ಒಯ್ಯಬೇಕೆಂದು ಹಟ ಹಿಡಿದಳು. ದಾರಿಯಲ್ಲಿ ಉರುಳಿ ಪೆಟ್ಟಾಗದ ಹಾಗೆ ಅವುಗಳನ್ನು ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು, ನೀರು ತುಂಬಿದ ಜಾಡಿಯಲ್ಲಿಟ್ಟು ಸಾಗಿಸಿದಳು. ಮನೆಗೆ ಬಂದ ಮೇಲೆ ಕಷ್ಟ ಶುರು. ಕಡಲಿನಿಂದ ತರಿಸಿದ ನೀರು ಎಷ್ಟು ದಿನ ಬಾಳುತ್ತದೆ? ಆಕೆ ಕಂಡುಕೊಂಡ ಉಪಾಯ ಇದು: ಕಿಟಕಿಯ ಎದುರು ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವುದು, ಮತ್ತೆ ಸುರಿಯುವುದು. ನಾವು ಚಹಾ ಆರಿಸುತ್ತೇವಲ್ಲ, ಹಾಗೆ. ನೀರಿಗೆ ಗಾಳಿ ಬೆರೆಯುತ್ತದೆ. ಈ ಕೆಲಸವನ್ನು ದಿನವೂ ಮುಕ್ಕಾಲು ಗಂಟೆಯಷ್ಟು ಹೊತ್ತು ಮಾಡಿಸಬೇಕಾಗುತ್ತಿತ್ತು. ಮಾಡಿದ್ದು ಮನೆಯ ಕೆಲಸದಾಕೆ. ಇಂದು ಪ್ರತಿಯೊಂದು ಮೀನಿನ ತೊಟ್ಟಿಯ ಪಕ್ಕದಲ್ಲಿ ಗುಂಯ್ಗುಟ್ಟುವ ಗಾಳಿಯ ಪಂಪು ಇರುತ್ತದೆ. ಚರಿತ್ರೆಯಲ್ಲಿ ಅಂಥ ಮೊದಲ ಪಂಪುಗಳಲ್ಲಿ ಒಂದು ಆ ಕೆಲಸದಾಕೆಯ ರಟ್ಟೆ. ಥಿನ್ ದೊರೆಸಾನಿಯ ಹೆಸರು ಪುಸ್ತಕಗಳಲ್ಲಿ ಉಳಿದಿದೆ, ರಟ್ಟೆ ನೋಯಿಸಿಕೊಂಡವಳ ಹೆಸರು ಉಳಿದಿಲ್ಲ.

ಮರುವರ್ಷ ಆಕೆ ಕಡಲ ಪಾಚಿಯನ್ನೂ ತರಿಸಿ ಜಾಡಿಗೆ ಹಾಕಿದಳು. ಪಾಚಿ ಬೆಳಕಿನಲ್ಲಿ ಪ್ರಾಣವಾಯು ಬಿಟ್ಟಿತು. ಹವಳಗಳು ಬದುಕಿದ್ದು ಮಾತ್ರವಲ್ಲ, ಮರಿಗಳನ್ನೂ ಹಾಕಿದವು. ಲಂಡನ್ನಿನ ಹೊಗೆಯ ನಡುವೆ ಹವಳ ಸುಮಾರು ಮೂರು ವರ್ಷ ಬಾಳಿತು. ಆಕೆಯ ಟಿಪ್ಪಣಿಗಳು 1859ರಲ್ಲಿ ಅಚ್ಚಾದವು.

ಅಷ್ಟರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರಲ್ಲಿ ಮೀನು, ನೀರಗಿಡ, ಬಸವನಹುಳ ಮೂರನ್ನೂ ಒಂದೇ ತೊಟ್ಟಿಯಲ್ಲಿಟ್ಟು, ಒಂದು ಇನ್ನೊಂದನ್ನು ಬದುಕಿಸುತ್ತದೆ ಎಂಬ ಲೆಕ್ಕವನ್ನು ರಸಾಯನಶಾಸ್ತ್ರ ಸಂಘದ ಮುಂದಿಟ್ಟಿದ್ದರು. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮೀನಿನ ಮನೆ ತೆರೆಯಿತು. ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬರಾದ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞರು 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದರು. ಆ ಮೇಲೆ ಈ ಹೆಸರು ಮನೆಮಾತಾಯಿತು. ಗಾಸ್ ಮಾಡಿದ ಇನ್ನೊಂದು ದೊಡ್ಡ ಕೆಲಸ, ಕಡಲ ನೀರನ್ನು ಅಡುಗೆಮನೆಯಲ್ಲೇ ತಯಾರಿಸುವ ಪಾಕ ಕೊಟ್ಟದ್ದು. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ತೂಗಿ ಸಿಹಿನೀರಿಗೆ ಬೆರೆಸುವುದು. ಈ ಪಟ್ಟಿಯಲ್ಲಿ ಸುಣ್ಣದ ಅಂಶ ಇಲ್ಲವೆಂಬುದನ್ನು ನೆನಪಿಟ್ಟುಕೊಳ್ಳಿ, ಅದರ ಮಾತು ಮುಂದೆ ಬರಲಿದೆ.

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಕಡಲ ಊರುಗಳಿಗೆ ಮುಟ್ಟಿತ್ತು. ಗಾಸ್ ಪುಸ್ತಕ ಓದಿದವರೆಲ್ಲ ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ರಜೆಯಲ್ಲಿ ಕಡಲಿಗೆ ಹೊರಟರು. ಬಂಡೆಯ ಹೊಂಡಗಳನ್ನು ಕೆತ್ತಿ, ಕಡಲ ಹೂಗಳೆನ್ನುವ ಅನಿಮೋನ್‌ಗಳನ್ನು ಕಿತ್ತು ಮನೆಗೆ ತಂದರು. ಅವುಗಳಲ್ಲಿ ಹೆಚ್ಚಿನವು ವಾರದೊಳಗೆ ಸತ್ತವು. ಹತ್ತು ವರ್ಷದಲ್ಲಿ ಹುಚ್ಚು ಇಳಿಯಿತು. ಆದರೆ ಹೊಂಡಗಳು ಬರಿದಾಗಿದ್ದವು. ಗಾಸ್ ಅವರ ಮಗ ಎಡ್ಮಂಡ್ ಗಾಸ್ ದೊಡ್ಡ ಸಾಹಿತಿಯಾದವರು. 1907ರಲ್ಲಿ ಬರೆದ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಹೊಂಡಗಳ ಚೆಲುವು ಹಾಳಾದದ್ದನ್ನೂ, ಅದಕ್ಕೆ ತಂದೆಯ ಪುಸ್ತಕಗಳೇ ತಿಳಿಯದೆ ಕಾರಣವಾದದ್ದನ್ನೂ, ತಂದೆ ಅದಕ್ಕಾಗಿ ಕೊರಗಿದ್ದನ್ನೂ ಹೇಳಿದ್ದಾರೆ. ಪ್ರೀತಿಯಿಂದ ಬರೆದ ಪುಸ್ತಕ, ಪ್ರೀತಿಸಿದ್ದನ್ನೇ ಕೆಡಿಸಿತು. ಈ ಕಥೆಯಲ್ಲಿ ಇದು ಒಂದು ಸಲ ಮಾತ್ರ ಆದದ್ದಲ್ಲ.

ಸಾರ್ವಜನಿಕ ಮತ್ಸ್ಯಾಲಯಗಳ ಕಥೆಯನ್ನು ಇಲ್ಲಿ ಬೇಗ ಮುಗಿಸುತ್ತೇನೆ. ಅವುಗಳಲ್ಲಿ ಮುಖ್ಯವಾದದ್ದು ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ಕಟ್ಟಿದ್ದು. ಜನ ನೋಡುವ ತೊಟ್ಟಿಗಳಿಗಿಂತ ಬಹಳ ದೊಡ್ಡದಾದ ಒಂದು ಕತ್ತಲೆಯ ಟಾಂಕಿಯನ್ನು ಕೆಳಗೆ ಕಟ್ಟಿ, ನೀರು ಸದಾ ಮೇಲೆ ಕೆಳಗೆ ಸುತ್ತುತ್ತಿರುವ ಹಾಗೆ ಮಾಡಿದರು. ಈಗಲೂ ಮನೆಯ ಕಡಲ ತೊಟ್ಟಿಗಳ ಅಡಿಯ ಕಪಾಟಿನಲ್ಲಿ ಇರುವ ಎರಡನೆಯ ತೊಟ್ಟಿ ಅದರ ಮೊಮ್ಮಗುವೇ. ನಮ್ಮ ದೇಶದಲ್ಲಿ 1909ರಲ್ಲಿ ಮದರಾಸಿನ ಮರೀನಾ ಕಡಲ ಕರೆಯಲ್ಲಿಯೂ, 1951ರಲ್ಲಿ ಮುಂಬಯಿಯಲ್ಲಿ ತಾರಾಪೋರವಾಲಾ ಹೆಸರಿನಲ್ಲಿಯೂ ಮತ್ಸ್ಯಾಲಯಗಳು ತೆರೆದವು.

ಇಷ್ಟಾದರೂ ಉಷ್ಣ ದೇಶಗಳ ಹವಳ, ಅಂದರೆ ದಿಬ್ಬ ಕಟ್ಟುವ ಹವಳ, ಯಾರ ತೊಟ್ಟಿಯಲ್ಲೂ ನಿಲ್ಲಲಿಲ್ಲ. ಏಕೆ? ಇದಕ್ಕೆ ಎರಡು ಕಾರಣ, ಎರಡೂ ಕಣ್ಣಿಗೆ ಕಾಣದವು.

ಒಂದು, ನೀರಿನ ಲೆಕ್ಕ. ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಇದು ಬೇಗ ಅರ್ಥವಾಗುತ್ತದೆ. ಮೀನು ತಿಂದದ್ದು ಕೊಳೆಯಾಗಿ ಅಮೋನಿಯಾ ಎಂಬ ವಿಷವಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ಗಾಳಿ ತಲುಪದ ಕಲ್ಲಿನ ಒಳಮೈಯಲ್ಲಿ ಮೂರನೆಯ ಬಗೆ ಇದ್ದರೆ ಅದು ನೈಟ್ರೇಟನ್ನೂ ಒಡೆದು ಸಾರಜನಕ ಅನಿಲವಾಗಿ ಹೊರಗೆ ಬಿಡುತ್ತದೆ. ಆಗ ಖಾತೆ ಸೊನ್ನೆಗೆ ಬರುತ್ತದೆ. ಈ ಗುಮಾಸ್ತರಲ್ಲಿ ಒಬ್ಬರು ಕೆಲಸಕ್ಕೆ ಬಾರದಿದ್ದರೂ ಬಾಕಿ ಏರುತ್ತಲೇ ಹೋಗುತ್ತದೆ. ನೆಲದಲ್ಲಿ ಇಂಥ ಬ್ಯಾಕ್ಟೀರಿಯಾ ಇವೆಯೆಂದು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿದ್ದರು. ಆದರೆ ಮೀನು ಸಾಕುವವರ ಮನೆಗೆ ಆ ತಿಳುವಳಿಕೆ ಬಂದು ಮುಟ್ಟಲು ಬಹಳ ವರ್ಷ ಹಿಡಿಯಿತು. ಮಕ್ಕಳು ತಂದ ಡಬ್ಬಿ ಮೂರನೆಯ ದಿನ ನಾರುವುದು ಇದೇ ಕಾರಣಕ್ಕೆ: ಅಲ್ಲಿ ಗುಮಾಸ್ತರು ಇನ್ನೂ ನೇಮಕವಾಗಿಲ್ಲ.

ಎರಡನೆಯದು ಬೆಳಕು. ಆನಾ ಥಿನ್ ಸಾಕಿದ್ದು ತಣ್ಣೀರಿನ ಹವಳ, ಅದಕ್ಕೆ ಬಿಸಿಲಿನ ಹಂಗಿಲ್ಲ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಒಕ್ಕಲಿರುತ್ತವೆ. ಹವಳ ಪ್ರಾಣಿ, ಅದರೊಳಗಿನ ಒಕ್ಕಲು ಸಸ್ಯ. ಜಪಾನಿನ ಸಿರೊ ಕಾವಾಗುಟಿ ಎಂಬವರು 1944ರಲ್ಲಿ ಅವು ಯಾವ ಜಾತಿಯ ಪಾಚಿಯೆಂದು ಗುರುತಿಸಿದರು. ಆ ಪಾಚಿ ಬಿಸಿಲಿನಲ್ಲಿ ಮಾಡಿದ ಆಹಾರವನ್ನು ಮನೆಯೊಡೆಯನಿಗೆ ಗೇಣಿಯಾಗಿ ಕೊಡುತ್ತದೆಯೆಂಬುದು 1950ರ ದಶಕದ ಕೊನೆಯ ಹೊತ್ತಿಗೆ ಪ್ರಯೋಗಗಳಿಂದ ಗಟ್ಟಿಯಾಯಿತು. ಅಂದರೆ ಯುರೋಪಿನ ಮಬ್ಬು ಕೋಣೆಯಲ್ಲಿಟ್ಟ ಹವಳ ಸತ್ತದ್ದು ಹಸಿವಿನಿಂದ. ತಿನ್ನಲು ಹಾಕಿದವರಿದ್ದರು, ಬಿಸಿಲು ಕೊಟ್ಟವರಿರಲಿಲ್ಲ.

ಈ ಎರಡೂ ಗಂಟುಗಳನ್ನು ಒಟ್ಟಿಗೆ ಬಿಚ್ಚಿದವರು ಪ್ರಯೋಗಶಾಲೆಯವರಲ್ಲ. ಇಂಡೋನೇಷ್ಯದ ಜಕಾರ್ತಾದಲ್ಲಿದ್ದ ಲೀ ಚಿನ್ ಎಂಗ್ ಎಂಬ ಚೀನೀ ಮೂಲದ ಹವ್ಯಾಸಿ. ಅವರು ತೊಟ್ಟಿಗೆ ಯಂತ್ರ ಹಾಕಲಿಲ್ಲ. ಹತ್ತಿರದ ಕಡಲಿನಿಂದ ಹವಳದ ದಿಬ್ಬದ ಕಲ್ಲುಗಳನ್ನೇ, ಮೇಲೆ ಅಂಟಿದ ಪಾಚಿ, ಹುಳ, ಸ್ಪಂಜುಗಳ ಸಮೇತ ತಂದು ಜೋಡಿಸಿದರು. ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟು, ಗಾಳಿಯ ಗುಳ್ಳೆ ಮಾತ್ರ ಬಿಟ್ಟರು. ಹವಳ ಬದುಕಿತು. ಈ ವಿಷಯವನ್ನು 1961ರಲ್ಲಿ ಅಮೆರಿಕದ ಒಂದು ಮೀನು ಸಾಕಣೆಯ ಪತ್ರಿಕೆಗೆ ಬರೆದು ಕಳುಹಿಸಿದರು. ಕಲ್ಲಿನ ರಂಧ್ರ ರಂಧ್ರಗಳಲ್ಲಿ ನಾನು ಹೇಳಿದ ಆ ಮೂರೂ ಬಗೆಯ ಗುಮಾಸ್ತರು ಮೊದಲೇ ಕುಳಿತಿದ್ದರು ಎಂಬುದೇ ಅದರ ಗುಟ್ಟು. ಇಂದು ಇಂಥ ಕಲ್ಲನ್ನು ಇಂಗ್ಲಿಷಿನಲ್ಲಿ ಲೈವ್ ರಾಕ್, ಅಂದರೆ ಜೀವಂತ ಕಲ್ಲು ಎನ್ನುತ್ತಾರೆ.

ಜಕಾರ್ತಾದವರಿಗೆ ಕಡಲು, ಕಲ್ಲು, ಬಿಸಿಲು ಮೂರೂ ಮನೆ ಬಾಗಿಲಲ್ಲಿದ್ದವು. ಮೂರೂ ಇಲ್ಲದ ಊರಿನವರು ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಿದವರು ಮುಖ್ಯವಾಗಿ ಜರ್ಮನಿಯವರು. ಹದವಾಗಿ ಬೆರೆಸಿದ ಕಡಲ ಉಪ್ಪಿನ ಪೊಟ್ಟಣ 1964ರಲ್ಲಿ ಅಮೆರಿಕದ ಓಹಾಯೊ ರಾಜ್ಯದಿಂದ ಮಾರುಕಟ್ಟೆಗೆ ಬಂದಿತ್ತು. ಗಾಸ್ ಅವರ ನಾಲ್ಕು ಉಪ್ಪುಗಳ ಜಾಗದಲ್ಲಿ ಕಡಲಿನಲ್ಲಿರುವ ಎಲ್ಲ ಮುಖ್ಯ ಲವಣಗಳೂ ಅದರಲ್ಲಿದ್ದವು. ನೀರಿನ ಕೊಳೆ ತೆಗೆಯಲು ಜರ್ಮನರು ನೊರೆಯ ಯಂತ್ರವನ್ನು ರೂಢಿಗೆ ತಂದರು. ಮಳೆಗಾಲದಲ್ಲಿ ಅಲೆ ಬಡಿದು ಬಡಿದು ಕರೆಯಲ್ಲಿ ಹಳದಿ ಬಿಳಿ ನೊರೆ ರಾಶಿಯಾಗುವುದನ್ನು ನೀವು ಕಂಡಿದ್ದೀರಿ. ನೀರಿನಲ್ಲಿ ಕರಗಿದ ಜಿಡ್ಡು ಕೊಳೆ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುವುದರಿಂದ ಹಾಗಾಗುತ್ತದೆ. ಕೊಳವೆಯೊಳಗೆ ಸಣ್ಣ ಗುಳ್ಳೆಗಳನ್ನು ಬಿಟ್ಟು ಅದೇ ನೊರೆಯನ್ನು ಎಬ್ಬಿಸಿ, ಮೇಲಿನ ಬಟ್ಟಲಿಗೆ ತುಂಬಿಸಿ ಚೆಲ್ಲುವುದೇ ಆ ಯಂತ್ರದ ಕೆಲಸ. ಬಿಸಿಲಿಗೆ ಬದಲಾಗಿ ಮೆಟಲ್ ಹಾಲೈಡ್ ಎಂಬ ಕಣ್ಣು ಕೋರೈಸುವ ದೀಪ ತೂಗಿಸಿದರು. ಬರ್ಲಿನ್ ನಗರದ ಹವ್ಯಾಸಿಗಳು, ಅವರಲ್ಲಿ ಡೀಟ್ರಿಚ್ ಸ್ಟೂಬರ್ ಎಂಬವರು ಮುಖ್ಯರು, ಈ ಎಲ್ಲವನ್ನೂ ಜೀವಂತ ಕಲ್ಲಿನೊಡನೆ ಸೇರಿಸಿ ಒಂದು ಕ್ರಮ ಮಾಡಿದರು. ಅದಕ್ಕೆ ಬರ್ಲಿನ್ ಪದ್ಧತಿ ಎಂದೇ ಹೆಸರಾಯಿತು.

ಆದರೂ ಹವಳ ಬದುಕುತ್ತಿತ್ತೇ ಹೊರತು ಬೆಳೆಯುತ್ತಿರಲಿಲ್ಲ. ಇಲ್ಲಿಯೇ ಸುಣ್ಣ ಬರುವುದು. ಪೀಟರ್ ವಿಲ್ಕೆನ್ಸ್ ಎಂಬವರು 1973ರಲ್ಲಿ ಬರೆದ ಜರ್ಮನ್ ಪುಸ್ತಕದಿಂದ ಕಾಲ್ಕ್‌ವಾಸರ್ ಎಂಬ ಶಬ್ದ ಹವ್ಯಾಸಿಗಳ ನಡುವೆ ಹರಡಿತು. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಸುಣ್ಣದ ತಿಳಿನೀರು, ಅಷ್ಟೇ. ನಮ್ಮ ಕರಾವಳಿಯಲ್ಲಿ ಹಿಂದಿನಿಂದಲೂ ಮರುವಾಯಿ ಮುಂತಾದ ಚಿಪ್ಪುಗಳನ್ನು ಸುಟ್ಟು, ನೀರು ಹಾಕಿ ಅರಳಿಸಿ ಸುಣ್ಣ ಮಾಡುತ್ತಾರೆ. ಗೋಡೆಗೂ ಅದೇ, ವೀಳ್ಯದೆಲೆಗೂ ಅದೇ. ಆ ಸುಣ್ಣವನ್ನು ಸಿಹಿನೀರಿನಲ್ಲಿ ಕಲಸಿ ಇಟ್ಟರೆ ಬಿಳಿಯದೆಲ್ಲ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂನಷ್ಟೇ. ಹವಳದ ಎಲುಬು ಎಂದರೆ ಸುಣ್ಣಕಲ್ಲು. ಅದನ್ನು ಕಟ್ಟಲು ಹವಳ ನೀರಿನಲ್ಲಿರುವ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ವಿಶಾಲವಾದ ಕಡಲಿನಲ್ಲಿ ಎಷ್ಟು ಎಳೆದರೂ ಮುಗಿಯುವುದಿಲ್ಲ, ತೊಟ್ಟಿಯಲ್ಲಿ ಮುಗಿಯುತ್ತದೆ. ಈ ತಿಳಿಯನ್ನು ಹನಿಹನಿಯಾಗಿ ಹಾಕಿದರೆ ಕೊರತೆ ತುಂಬುತ್ತದೆ. ಚಿಪ್ಪು ಸುಟ್ಟು ಸುಣ್ಣ, ಸುಣ್ಣ ಕರಗಿ ತಿಳಿ, ತಿಳಿ ಸೇರಿ ಮತ್ತೆ ಕಲ್ಲು. ಇದರಲ್ಲಿ ಒಂದು ಜಾಣತನವೂ ಇದೆ. ತೊಟ್ಟಿಯಿಂದ ದಿನವೂ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದಷ್ಟು ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ತುಂಬಿದರೆ ಉಪ್ಪು ಏರುತ್ತಾ ಹೋಗುತ್ತದೆ. ಆ ಸಿಹಿನೀರಿನ ಬದಲು ಸುಣ್ಣದ ತಿಳಿಯನ್ನೇ ಹಾಕಿದರೆ ಎರಡು ಕೆಲಸ ಒಟ್ಟಿಗೆ. ಆದರೆ ತಿಳಿಗೆ ಕ್ಷಾರ ಬಹಳ, ಒಮ್ಮೆಗೇ ಸುರಿದರೆ ಮೀನು ಸಾಯುತ್ತದೆ. ರಾತ್ರಿ ಹೊತ್ತು ನೀರಿನ ಕ್ಷಾರ ತಾನಾಗಿ ಇಳಿಯುವ ಸಮಯದಲ್ಲಿ ಹನಿ ಬಿಡುವುದು ಕ್ರಮ.

ಒಂದು ಕಡಲ ತೊಟ್ಟಿ ನಡೆಸುವವರ ದಿನಚರಿ ಹೇಗಿರುತ್ತದೆಂದು ತಿಳಿಯುವ ಆಸೆ ನಿಮಗಿರಬಹುದು. ಸ್ವಲ್ಪದರಲ್ಲಿ ಹೇಳುತ್ತೇನೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25ರಿಂದ 27 ಡಿಗ್ರಿ ಸೆಲ್ಸಿಯಸ್ ಶಾಖ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ. ನಳ್ಳಿನೀರಿನಲ್ಲಿ ಕ್ಲೋರಿನ್ ಇರುವುದರಿಂದ ಶುದ್ಧೀಕರಿಸಿದ ನೀರೇ ಆಗಬೇಕು. ಕಲ್ಲು ಜೋಡಿಸಿ ನೀರು ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಒಂದೇ ಒಂದು ಮೀನನ್ನೂ ಬಿಡದೆ, ಅಮೋನಿಯಾ ಏರಿ ಇಳಿಯುವುದನ್ನು ಅಳೆಯುತ್ತಾ ಕಾಯಬೇಕು. ಹೆಚ್ಚಿನವರು ಸೋಲುವುದು ಈ ಕಾಯುವುದರಲ್ಲಿ. ಆ ಮೇಲೆ ತಿಂಗಳಿಗೆ ಹತ್ತರಿಂದ ಇಪ್ಪತ್ತು ಪಾಲು ನೀರು ಬದಲಿಸುವುದು, ಗಾಜಿಗೆ ಹತ್ತಿದ ಪಾಚಿ ಉಜ್ಜುವುದು, ಕರೆಂಟು ಹೋದಾಗ ಎದ್ದು ಕೂರುವುದು. ನಮ್ಮ ಕಡೆಯ ಮಳೆಗಾಲದ ಕರೆಂಟನ್ನು ನೆನೆದರೆ ಮತ್ತೆ ಆ ಕೆಲಸದಾಕೆಯ ರಟ್ಟೆಯೇ ಕಣ್ಣ ಮುಂದೆ ಬರುತ್ತದೆ.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಎಂಬವರು 1980ರ ಹೊತ್ತಿಗೆ ಪಾಚಿಯಿಂದಲೇ ನೀರು ತೊಳೆಯುವ ಒಂದು ಹವಳದ ತೊಟ್ಟಿ ನಡೆಸಿ ತೋರಿಸಿದರು. ಮೊನಾಕೊದಲ್ಲಿ ಝಾನ್ ಝೊಬೇರ್ ಎಂಬವರು ದಪ್ಪ ಮರಳಿನ ಹಾಸಿನಿಂದ ಅದೇ ಕೆಲಸ ಮಾಡಿಸಿದರು. ಅಮೆರಿಕದ ಹವ್ಯಾಸಿ ಪತ್ರಿಕೆಗಳಲ್ಲಿ 1986ರಲ್ಲಿ ಈ ಬಗ್ಗೆ ಲೇಖನಮಾಲೆ ಬಂತು. 1994ರಲ್ಲಿ ಡೆಲ್‌ಬೀಕ್ ಮತ್ತು ಸ್ಪ್ರಂಗ್ ಎಂಬಿಬ್ಬರು ‘ದಿ ರೀಫ್ ಅಕ್ವೇರಿಯಂ’ ಎಂಬ ದೊಡ್ಡ ಗ್ರಂಥದ ಮೊದಲ ಸಂಪುಟ ಹೊರತಂದರು. ಹವಳ ಸಾಕುವುದು ಗುಟ್ಟಿನ ವಿದ್ಯೆಯಾಗಿ ಉಳಿಯಲಿಲ್ಲ.

ಈಗ ಖಾತೆಯ ಇನ್ನೊಂದು ಪುಟ ತಿರುಗಿಸೋಣ. ಗಾಸ್ ಅವರ ಕಾಲದ ಹೊಂಡಗಳಿಗೆ ಆದ ಗತಿ ಈ ಸಲ ಪೂರ್ವ ದೇಶಗಳ ಹವಳದ ದಿಬ್ಬಗಳಿಗೆ ಆಯಿತು. ಫಿಲಿಪ್ಪೀನ್ಸ್ ದೇಶದಲ್ಲಿ 1960ರ ದಶಕದ ಆರಂಭದಿಂದಲೇ ಸೋಡಿಯಂ ಸಯನೈಡನ್ನು ನೀರಿನಲ್ಲಿ ಕಲಸಿ ಹವಳದ ಸಂದಿಗಳಿಗೆ ಚಿಮ್ಮಿಸಿ, ಮತ್ತು ಬಂದ ಮೀನುಗಳನ್ನು ಕೈಯಿಂದ ಹಿಡಿಯುವ ಪದ್ಧತಿ ಶುರುವಾಯಿತು. ಇಂಡೋನೇಷ್ಯಕ್ಕೂ ಹಬ್ಬಿತು. ಕಾನೂನು ನಿಷೇಧಿಸಿದರೂ ನಿಲ್ಲಲಿಲ್ಲ. ಮೀನು ಸಿಕ್ಕಿದ ಸಂದಿಯ ಹವಳ ಸಾಯುತ್ತಿತ್ತು, ಸಿಕ್ಕಿದ ಮೀನೂ ದೂರದ ಊರಿನ ತೊಟ್ಟಿಗೆ ಸೇರಿದ ಕೆಲವು ವಾರಗಳಲ್ಲಿ ಸಾಯುತ್ತಿತ್ತು. ಹಿಡಿದವನಿಗೆ ಸಿಕ್ಕಿದ್ದು ಪುಡಿಕಾಸು. ಜೀವಂತ ಕಲ್ಲನ್ನು ಫಿಜಿ, ಇಂಡೋನೇಷ್ಯಗಳಿಂದ ಟನ್ನುಗಟ್ಟಲೆ ವಿಮಾನದಲ್ಲಿ ಸಾಗಿಸಿದರು. ಗಟ್ಟಿ ಹವಳದ ಎಲ್ಲ ಜಾತಿಗಳೂ 1990ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿದವು. ಅಲ್ಲಿಂದ ಮುಂದೆ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ.

ನಮಗೂ ಹವಳಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಲಕ್ಷದ್ವೀಪ ಸಮೂಹದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನದೀವಿ ದ್ವೀಪಗಳಿವೆ. ಇಡೀ ಭೂಮಿಯೇ ಹವಳ ಕಟ್ಟಿಕೊಟ್ಟದ್ದು. ಅವು ಹಿಂದೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನಿಂದ ಆಡಳಿತ ನಡೆಯುತ್ತಿತ್ತು. ಹುರಿಹಗ್ಗ ಹೊತ್ತ ಓಡಗಳು ಅಲ್ಲಿಂದ ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬರೆದಾಗ ಕಾಸರಗೋಡು ತಾಲೂಕು ಕೇರಳಕ್ಕೂ, ಅಮಿನದೀವಿ ದ್ವೀಪಗಳು ಕೇಂದ್ರಾಡಳಿತಕ್ಕೂ ಒಂದೇ ದಿನ ಹೋದವು. ಜಿಲ್ಲೆಯ ಮನೆಯಿಂದ ಒಂದೇ ದಿನ ಹೊರಟ ಇಬ್ಬರು ನಾವು. ನಮ್ಮ ನೋವನ್ನು ಹೇಳಿಕೊಳ್ಳಲು ನಮಗೆ ಭಾಷೆಯಿದೆ, ಪತ್ರಿಕೆಯಿದೆ, ರೇಡಿಯೋ ಇದೆ. ಆ ದ್ವೀಪಗಳ ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2023–24ರಲ್ಲಿ ಕಡಲು ಕಾದು ಬೆಳ್ಳಗಾಯಿತು. ನೀರಿನ ಶಾಖ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯ ಒಕ್ಕಲನ್ನು ಹೊರಗೆ ಹಾಕಿ ಬಣ್ಣ ಕಳೆದುಕೊಳ್ಳುತ್ತದೆ. ಶಾಖ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಉಪವಾಸದಿಂದ ಸಾಯುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ.

ಆದ್ದರಿಂದ ಈ ಬರಹ ಓದಿ ಉತ್ಸಾಹಗೊಂಡ ಯುವಕರು ಒಂದು ಮಾತು ತಿಳಿದಿರಬೇಕು. ನಮ್ಮ ದೇಶದಲ್ಲಿ 2001ರ ಜುಲೈಯಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳ, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲ್ಗುದುರೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿದವು. ಹುಲಿ ಇರುವ ಪಟ್ಟಿ ಅದು. ಕಡಲಿನಿಂದ ಹವಳ ಕಿತ್ತು ತಂದರೆ ಹುಲಿ ಕೊಂದಷ್ಟೇ ಅಪರಾಧ, ಜೈಲುಂಟು. ಕರೆಯಲ್ಲಿ ಬಿದ್ದ ಸತ್ತ ಹವಳದ ತುಂಡನ್ನು ಅಂಗಡಿಯಿಂದ ಕೊಂಡು ಷೋಕೇಸಿನಲ್ಲಿಡುವುದೂ ಇದರಿಂದ ಹೊರತಲ್ಲ. ಕಾನೂನು ಕಠಿಣವೆಂದು ಗೊಣಗುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಂಗ್ಲೆಂಡಿನ ಹೊಂಡಗಳ ಕಥೆ ಓದಿದ ಮೇಲೆ ಗೊಣಗಲು ಬಾಯಿ ಬರಬಾರದು. ಕಡಲ ಮೀನು ಸಾಕಲೇಬೇಕೆಂಬ ಆಸೆಯಿದ್ದವರಿಗೆ ದಾರಿ ಮುಚ್ಚಿಲ್ಲ. ಕೆಂಪು ಮೈಗೆ ಬಿಳಿ ಪಟ್ಟೆಯ ಕೋಡಂಗಿ ಮೀನು, ಇಂಗ್ಲಿಷಿನ ಕ್ಲೌನ್ ಫಿಶ್, ಅದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಮಾಡುವುದನ್ನು ಸಾಧಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಅಲಂಕಾರದ ಸಿಗಡಿ ಬೆಳೆಸುವುದನ್ನು ಅಲ್ಲಿನ ಹೆಂಗಸರಿಗೆ ಕಲಿಸಿಕೊಡಲಾಗಿದೆ. ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಿ. ಎಲ್ಲಿಂದ ಬಂತೆಂದು ಹೇಳಲಾರದ ಅಂಗಡಿಯಿಂದ ತರಬೇಡಿ.

ಇನ್ನು ತೊಟ್ಟಿಯವರು ಕಡಲಿಗೆ ಏನಾದರೂ ಹಿಂದಿರುಗಿಸಿದ್ದಾರೆಯೇ? ಹಿಂದಿರುಗಿಸಿದ್ದಾರೆ, ಸಾಲಕ್ಕೆ ಹೋಲಿಸಿದರೆ ಸ್ವಲ್ಪ. ಹವಳದ ಗೆಲ್ಲು ಮುರಿದು ಕಲ್ಲಿಗೆ ಅಂಟಿಸಿದರೆ ದಾಸವಾಳದ ಗೆಲ್ಲು ನೆಟ್ಟ ಹಾಗೆ ಹೊಸ ಗಿಡವಾಗುತ್ತದೆ ಎಂಬುದನ್ನು ಮನೆಯ ಹವ್ಯಾಸಿಗಳು ದಿನನಿತ್ಯದ ಕೆಲಸವಾಗಿ ಮಾಡಿದರು. ಒಬ್ಬರ ತೊಟ್ಟಿಯ ಗೆಲ್ಲು ಇನ್ನೊಬ್ಬರ ಮನೆಗೆ ಹೋಗಿ, ಕಡಲಿನಿಂದ ಕೀಳುವ ಅಗತ್ಯ ಎಷ್ಟೋ ಕಡಿಮೆಯಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಅಕ್ವೇರಿಯಂಗಾಗಿ ಮೀನು ಹಿಡಿದು, ಜೀವಂತ ಕಲ್ಲು ಬೆಳೆಸಿ ಮಾರುತ್ತಿದ್ದ ಕೆನ್ ನೆಡಿಮಾಯರ್ ಎಂಬವರ ಕಲ್ಲುಗಳ ಮೇಲೆ 1990ರ ದಶಕದಲ್ಲಿ ಜಿಂಕೆಗೊಂಬಿನಂಥ ಹವಳ ತಾನಾಗಿ ಬಂದು ಮೊಳೆಯಿತು. ಅವರು ಅದನ್ನು ಮಾರಲಿಲ್ಲ. ಗೆಲ್ಲು ಮಾಡಿ ಬೆಳೆಸಿ, ಸತ್ತ ದಿಬ್ಬಗಳ ಮೇಲೆ ನೆಡತೊಡಗಿದರು. ಅದಕ್ಕಾಗಿಯೇ 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. 2023ರ ಜುಲೈಯಲ್ಲಿ ಅಲ್ಲಿನ ಕಡಲು ಕಾದಾಗ ನೆಡಲು ಬೆಳೆಸಿದ್ದ ಹವಳಗಳಲ್ಲಿ ಸಾವಿರಾರನ್ನು ನೀರಿನಿಂದ ಎತ್ತಿ ದಡದ ತೊಟ್ಟಿಗಳಿಗೆ ಸಾಗಿಸಿ ಉಳಿಸಿಕೊಂಡರು. ಉಪ್ಪು, ಬೆಳಕು, ಶಾಖ ಹದವಾಗಿಡುವ ಆ ತೊಟ್ಟಿಯ ವಿದ್ಯೆ ಮುಕ್ಕಾಲು ಪಾಲು ಹವ್ಯಾಸಿಗಳಿಂದ ಬಂದದ್ದು.

ಇನ್ನೊಂದು ಸಂಗತಿ ಲಂಡನ್ನಿನದು. ಹವಳ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಇಡೀ ದಿಬ್ಬವೇ ಒಟ್ಟಾಗಿ ಮೊಟ್ಟೆ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದಕ್ಕೆ ತಿಂಗಳು ತಿಥಿ ಹೇಳುವವರು ಯಾರು? ಹಾರ್ನಿಮನ್ ವಸ್ತುಸಂಗ್ರಹಾಲಯದ ಮತ್ಸ್ಯಾಲಯದಲ್ಲಿ ಜೇಮಿ ಕ್ರಾಗ್ಸ್ ಮತ್ತು ಅವರ ಸಂಗಡಿಗರು ಗಣಕಯಂತ್ರದಿಂದ ದೀಪಗಳನ್ನು ಹೊಂದಿಸಿ, ಹವಳದ ಹುಟ್ಟೂರಿನ ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿ ಕ್ಷಯ, ವರ್ಷದ ಶಾಖದ ಏರಿಳಿತ ಎಲ್ಲವನ್ನೂ ದಿನದಿನಕ್ಕೆ ಅನುಕರಿಸಿದರು. 2013ರಲ್ಲಿ ಆ ತೊಟ್ಟಿಯ ಹವಳಗಳು, ಆನಾ ಥಿನ್ ತನ್ನ ಜಾಡಿ ಇಟ್ಟುಕೊಂಡಿದ್ದ ಅದೇ ಲಂಡನ್ನಿನಲ್ಲಿ, ಆ ದೀಪದ ಚಂದ್ರನನ್ನು ನಂಬಿ ಮೊಟ್ಟೆ ಬಿಟ್ಟವು.